ನಾಲ್ಕು ನಿಮಿಷದ ದಾರಿ

ಸೆಪ್ಟೆಂಬರ್ 6, ಶುಕ್ರವಾರ

ಬೀದಿ ದಾಟಲು ನಮಗೆ ನಾಲ್ಕು ನಿಮಿಷ ಸಾಕಾಗುತ್ತಿತ್ತು. ತಾತ ಅಜ್ಜಿಯ ಗಾಲಿಕುರ್ಚಿ ತಳ್ಳುತ್ತಾರೆ, ನಾನು ಕಂಬಳಿ ಮತ್ತು ಚೀಲ ಹಿಡಿದು ಹಿಂದೆ ನಡೆಯುತ್ತೇನೆ, ಬಿಳಿ ಪಟ್ಟೆಗಳು ಮುಗಿದಲ್ಲೇ ಆಸ್ಪತ್ರೆಯ ಗೇಟು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಡಯಾಲಿಸಿಸ್ ಯಂತ್ರ ಅಜ್ಜಿಗಾಗಿ ಕಾಯುತ್ತದೆ. ಎಂಟೂಕಾಲಿನವರೆಗೆ ಮಾತ್ರ. ಆಮೇಲೆ ಅದು ಸರದಿಯಲ್ಲಿರುವ ಇನ್ನೊಬ್ಬರದು.

ಇವತ್ತು ಹೋಗಿ ನೋಡಿದರೆ ಪಟ್ಟೆಗಳ ಮೇಲೆ ಡಾಂಬರು ಬಳಿದಿದ್ದಾರೆ. ರಸ್ತೆಯ ನಡುವೆ ಉದ್ದಕ್ಕೂ ಎದೆಮಟ್ಟದ ಕಬ್ಬಿಣದ ಬೇಲಿ. ಹಸಿರು ಬಣ್ಣ ಇನ್ನೂ ಒಣಗಿಲ್ಲ. ಎರಡು ವರ್ಷದಿಂದ ನಗರಸಭೆಯವರು ಕೊಚ್ಚಿಕೊಳ್ಳುತ್ತಿದ್ದ 'ಜಾಣ ಸಂಚಾರ ಯೋಜನೆ' ಎಂದರೆ ಇದೇ ಇರಬೇಕು. ಕೆಲಸಗಾರನೊಬ್ಬ ಕೊನೆಯ ಬೋಲ್ಟು ಬಿಗಿಯುತ್ತಿದ್ದ. ಇನ್ನು ನಾವು ಎಲ್ಲಿ ದಾಟಬೇಕು ಎಂದು ಅವನನ್ನು ಕೇಳಬೇಕೆಂದುಕೊಂಡೆ. ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿದೆ. ಅಷ್ಟರಲ್ಲಿ ಅವನು ಸಿಗರೇಟು ಹಚ್ಚಿಕೊಂಡು ಹೊರಟುಹೋದ.

ತಾತ ಇದೇ ರಸ್ತೆಯಲ್ಲಿ ಮೂವತ್ತೊಂದು ವರ್ಷ ಟ್ರಾಲಿಬಸ್ ಓಡಿಸಿದವರು. ಬೇಲಿಯನ್ನೊಮ್ಮೆ ಅಲ್ಲಾಡಿಸಿ ನೋಡಿ, "ಗಟ್ಟಿಯಾಗೇ ಹಾಕಿದಾರೆ," ಎಂದರು. 

"ಹೊಗಳಿದ್ದು ಸಾಕು, ಟ್ಯಾಕ್ಸಿ ಕರಿ," ಎಂದಳು ಅಜ್ಜಿ.

ವಾಹನಗಳು ತಿರುಗುವ ಜಾಗ ಈಗ ಎರಡೂವರೆ ಕಿಲೋಮೀಟರ್ ಆಚೆ. ಇಡೀ ನಗರವೇ ಅಲ್ಲಿ ಒಂದರ ಹಿಂದೊಂದು ಹಾರನ್ ಒತ್ತುತ್ತ ನಿಂತಿತ್ತು. ಎದುರು ಕಾಣುವ ಗೇಟಿಗೆ ಮೂವತ್ತೆಂಟು ನಿಮಿಷ. ನರ್ಸಿಗೆ ಅಜ್ಜಿಯ ಮೇಲೆ ಪ್ರೀತಿ ಇರುವುದರಿಂದ ಯಂತ್ರ ಉಳಿದಿತ್ತು.

ಸಿಟ್ಟು ಬಂದಿದೆ. ಇಲ್ಲಿ ಬರೆದಿಡುತ್ತಿದ್ದೇನೆ. ಬೇರೆಲ್ಲೂ ಹೇಳಲು ನನ್ನಿಂದಾಗದು.

ಸೆಪ್ಟೆಂಬರ್ 10, ಮಂಗಳವಾರ

ಶಾರಾಪತ್ ಎಜೆ ಬಂದಿದ್ದರು. ನಮ್ಮ ಕಟ್ಟಡ ಸಮಿತಿಯ ಮುಖ್ಯಸ್ಥೆ. ಅಂಗಳದ ಎಲ್ಲರಿಗೂ ಅಕ್ಕ, ಎಲ್ಲರ ಬಾಯಲ್ಲೂ ಎಜೆ. ಬಾಗಿಲು ತಟ್ಟುವ ಅಭ್ಯಾಸ ಅವರಿಗಿಲ್ಲ.

"ಏನೇ ಚೊಲ್ಪೊನ್, ಐದು ವರ್ಷ ಸಾಹಿತ್ಯ ಓದಿದೀಯಲ್ಲ, ಅದರಿಂದ ಇವತ್ತಿನವರೆಗೆ ಯಾರಿಗಾದ್ರೂ ಏನಾದ್ರೂ ಉಪಯೋಗ ಆಗಿದ್ಯಾ?"

ನಾನು ಅವರ ಬಟ್ಟಲಿಗೆ ಚಹಾ ಬಗ್ಗಿಸಿದೆ.

"ಆಗಿಲ್ಲ ತಾನೆ? ಈಗ ಆಗತ್ತೆ. ನಗರಸಭೆಗೆ ಅರ್ಜಿ ಬರಿ."

ಸೆಪ್ಟೆಂಬರ್ 12, ಗುರುವಾರ

ಎರಡು ದಿನ ಕೂತು ಮೂರು ಪುಟ ಬರೆದಿದ್ದೆ. ರಸ್ತೆ ಅಗಲ ಮಾಡಲು ಕಡಿದ ಪೋಪ್ಲರ್ ಮರಗಳ ಸಾಲು, ಪಟ್ಟೆಗಳ ಮೇಲೆ ಅಜ್ಜಿಯ ಗಾಲಿಯ ಸದ್ದು, ಎಲ್ಲವೂ ಇತ್ತು. ಶಾರಾಪತ್ ಎಜೆ ಅಂಗಳದ ಬೆಂಚಿನ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದಿದರು.

"ಇದು ಅರ್ಜಿನೋ ಪ್ರೇಮಪತ್ರನೋ? ಎಲೆ ಬೆಳ್ಳಿ ಥರ ಮಿನುಗ್ತಿತ್ತಂತೆ! ಅದನ್ನ ಕಡಿಸಿದೋರಿಗೇ ಕಣೇ ಇದನ್ನ ಕೊಡೋದು. ಏನು ಬೇಕು ನಮಗೆ? ಒಂದೇ ಸಾಲಲ್ಲಿ ಹೇಳು."

"ದಾಟೋ ಜಾಗ ವಾಪಸ್ ಬೇಕು," ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಹಾಂ, ಈಗ ಬಂತು ನೋಡು ಸಾಹಿತ್ಯ."

ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು. ಸಂಜೆ ಮನೆಮನೆಗೂ ಹೋಗಿ ಸಹಿ ಹಾಕಿಸಿದೆವು. ಮಾತು ಅವರದು, ಪೆನ್ನು ಹಿಡಿದುಕೊಳ್ಳುವುದು ನನ್ನದು. ಇನ್ನೂರ ಹನ್ನೆರಡು ಸಹಿ. ಕಾಗದದ ಮೇಲಿರುವುದು ಒಂದೇ ವಾಕ್ಯ.

ಸೆಪ್ಟೆಂಬರ್ 27, ಶುಕ್ರವಾರ

ಉತ್ತರ ಬಂದಿದೆ. ಸಂಚಾರ ಸಮಿತಿಯ ಅಧ್ಯಕ್ಷ ಉರ್ಮಾತ್ ಕಾದಿರೊವಿಚ್ ಅವರ ಸಹಿ. "ನಿಮ್ಮ ಕಾಳಜಿಗೆ ಧನ್ಯವಾದಗಳು. ಪಾದಚಾರಿಗಳ ಅನುಕೂಲಕ್ಕಾಗಿ ಸುರಂಗಮಾರ್ಗವಿದೆ." ಇದೆ, ಒಂಬೈನೂರು ಮೀಟರ್ ದೂರದಲ್ಲಿ. ನಲವತ್ತೊಂದು ಮೆಟ್ಟಿಲು ಇಳಿದು ನಲವತ್ತೊಂದು ಹತ್ತಬೇಕು. ಗಾಲಿಕುರ್ಚಿಗೆ ಲಿಫ್ಟು ಬರುತ್ತದಂತೆ. ಯಾವಾಗ ಎಂದು ಬರೆದಿಲ್ಲ.

ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಮೊದಲು ಪಟ್ಟೆಗಳಿದ್ದ ಜಾಗದಲ್ಲೇ ಈಗ ಹೊಸ ಜಾಣ ಸಿಗ್ನಲ್ ಕಂಬ ನೆಟ್ಟಿದ್ದಾರೆ, ವಿದೇಶದಿಂದ ತರಿಸಿದ್ದು. ಹದಿನೆಂಟು ಕೋಟಿ ಸೋಮ್ ಖರ್ಚಿನ ಯೋಜನೆಯ ಪಟ್ಟಿಯಲ್ಲಿ ಈ ಜಾಗವೂ ಇತ್ತು, ಬೇಲಿಯ ಪಟ್ಟಿ ಬೇರೆ ಇಲಾಖೆಯದು. ಹಾಗಾಗಿ ಪ್ರತಿ ಎರಡು ನಿಮಿಷಕ್ಕೊಮ್ಮೆ ಕಾರುಗಳಿಗೆ ಕೆಂಪು ಬೀಳುತ್ತದೆ, ನಡೆಯುವ ಹಸಿರು ಮನುಷ್ಯ ಮೂಡುತ್ತಾನೆ, ಕಣ್ಣಿಲ್ಲದವರಿಗೆಂದು ಟಕ್ ಟಕ್ ಸದ್ದೂ ಬರುತ್ತದೆ. ಅವನು ನಡೆಯುವುದು ನೇರ ಕಬ್ಬಿಣದ ಬೇಲಿಯತ್ತ. ಕಾರುಗಳು ಯಾರಿಗಾಗಿಯೂ ಅಲ್ಲದೆ ಇಪ್ಪತ್ತೈದು ಸೆಕೆಂಡು ನಿಲ್ಲುತ್ತವೆ. ನಾವು ಅಂಚಿನಲ್ಲಿ ನಿಂತು ನೋಡುತ್ತೇವೆ.

"ಪಾಪ, ಅವನಿಗೂ ದಾಟಕ್ಕಾಗಲ್ಲ," ಎಂದಳು ಅಜ್ಜಿ.

ಅಕ್ಟೋಬರ್ 10, ಗುರುವಾರ

ಸಾರ್ವಜನಿಕ ವಿಚಾರಣೆ ಇತ್ತು, ಶಾಲೆಯ ಸಭಾಂಗಣದಲ್ಲಿ, ಎಲ್ಲರೂ ಕೆಲಸದಲ್ಲಿರುವ ಮಧ್ಯಾಹ್ನ ಮೂರಕ್ಕೆ. ನಾವು ಹೋಗುವಷ್ಟರಲ್ಲಿ ಮುಂದಿನ ಸಾಲುಗಳಲ್ಲಿ ನಗರಸಭೆಯ ತೋಟಗಾರರು ಕೂತಿದ್ದರು. ಬಸ್ಸಿನಲ್ಲಿ ಕರೆತಂದಿದ್ದರಂತೆ.

ನನ್ನ ಬಳಿ ಬರೆದಿಟ್ಟ ಮಾತಿತ್ತು, ಒಂದೇ ಪುಟ, ಮರಗಳಿಲ್ಲದ್ದು. ಶಾರಾಪತ್ ಎಜೆ, "ನಾನು ಕೂಗಾಡ್ತೀನಿ, ನೀನು ಓದು. ಕೂಗಾಟ ಆದ್ಮೇಲೆ ಮೆತ್ತಗೆ ಓದಿದ್ರೆ ಜನ ಕೇಳ್ತಾರೆ," ಎಂದಿದ್ದರು. ನಡಾವಳಿ ಬರೆದುಕೊಳ್ಳುವ ಕೆಲಸವೂ ನನ್ನದೇ.

ಉರ್ಮಾತ್ ಕಾದಿರೊವಿಚ್ ಒಳ್ಳೆಯ ಸೂಟಿನಲ್ಲಿದ್ದರು. ಮೇಜಿನ ಮೇಲೆ ರೊಟ್ಟಿ, ಎಣ್ಣೆಯಲ್ಲಿ ಕರಿದ ಬೋರ್ಸೊಕ್, ಚಹಾ. ನಮ್ಮ ತಾತನನ್ನು ನೋಡಿದವರೇ ಎದ್ದು ಬಂದು ಎರಡೂ ಕೈಯಿಂದ ಕೈ ಹಿಡಿದು, ಹೆಸರಿಗೆ ಹಿರಿಯರ 'ಅತಾ' ಸೇರಿಸಿ ಕರೆದರು. "ಸಾತಿಬಾಲ್ದಿ ಅತಾ! ಹುಡುಗನಾಗಿದ್ದಾಗ ನಿಮ್ಮ ಬಸ್ಸಲ್ಲೇ ಶಾಲೆಗೆ ಹೋಗ್ತಿದ್ದೆ. ಬನ್ನಿ, ಮೇಲೆ ಕೂತ್ಕೊಳ್ಳಿ. ರೊಟ್ಟಿ ಮುರಿಯೋ ಮುಂಚೆ ನಿಮ್ಮ ಬಾತಾ ಬೇಕು ನಮಗೆ."

ಹಿರಿಯರು ರೊಟ್ಟಿಯ ಮುಂದೆ ಕೂತು ಬಾತಾ ಕೊಟ್ಟು ಹರಸುವುದಿಲ್ಲ ಎನ್ನಲಾಗುತ್ತದೆಯೇ? ತಾತ ಅಂಗೈಗಳನ್ನು ಎದೆಯ ಮುಂದೆ ತೆರೆದರು. ಸಭಾಂಗಣದಲ್ಲಿ ಎಲ್ಲರ ಅಂಗೈಗಳೂ ತೆರೆದವು, ನಮ್ಮವರದೂ. ಅಭ್ಯಾಸಬಲದಿಂದ ಹರಸಿದ ಮಾತನ್ನೂ ನಾನು ಬರೆದುಕೊಂಡೆ: "ಈ ಬೀದಿಯಲ್ಲಿ ಹೋದವರು ಹೋದ ಹಾಗೇ ಮನೆಗೆ ಬರಲಿ. ಮಕ್ಕಳು ಅಂಚಲ್ಲಿ ನಿಂತು ಕಾಯೋದು ಬೇಡ. ಮುದುಕರ ಕಾಲಿಗೆ ದಾರಿ ಹತ್ತಿರ ಆಗಲಿ. ಆಮೀನ್." ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು. ಕ್ಯಾಮೆರಾ ಮಿಂಚಿತು.

ಆಮೇಲೆ ಎಂಜಿನಿಯರ್ ಐವತ್ತು ನಿಮಿಷ ಬಣ್ಣಬಣ್ಣದ ಗೆರೆ ತೋರಿಸಿದರು. ಆಮೇಲೆ ಸಮಯ ಮುಗಿಯಿತು. ಶಾರಾಪತ್ ಎಜೆ ಕೂಗಾಡಿದರು, ನಗರಸಭೆಯವರು ಮೈಕ್ ಆರಿಸಿದರು. ಎಜೆ ನನ್ನತ್ತ ನೋಡಿ, "ಓದೇ!" ಎಂದರು. ನಾನು ಎದ್ದೆ. ಮೊದಲ ಸಾಲನ್ನೂ ಓದಲಾಗಲಿಲ್ಲ. ಕೂತೆ.

ಪುಟ ಇನ್ನೂ ಜೇಬಿನಲ್ಲಿದೆ. ಹೊರಗೆ ತೆಗೆಯಲು ನಾಚಿಕೆಯಾಗುತ್ತಿದೆ.

ಅಕ್ಟೋಬರ್ 12, ಶನಿವಾರ

ನಗರಸಭೆಯ ಪತ್ರಿಕೆಯಲ್ಲಿ ಮುಖಪುಟದಲ್ಲೇ ತಾತನ ಚಿತ್ರ. ಕೆಳಗೆ: "ಬಡಾವಣೆಯ ಹಿರಿಯರಿಂದ ಜಾಣ ಸಂಚಾರ ಯೋಜನೆಗೆ ಬಾತಾ. ನಿವಾಸಿಗಳು ಒಮ್ಮತದಿಂದ ಆಮೀನ್ ಎಂದರು."

ಅಂಗಳದಲ್ಲಿ ಆ ಹಾಳೆ ಕೈಯಿಂದ ಕೈಗೆ ಹೋಯಿತು. ತಾತ ಎಂದಿನಂತೆ ಬೆಂಚಿಗೆ ಹೋದರು. ಯಾರೂ ಜರುಗಿ ಜಾಗ ಕೊಡಲಿಲ್ಲ.

"ಅತಾ," ಎಂದರು ಶಾರಾಪತ್ ಎಜೆ, "ಕೈ ಎತ್ತೋ ಮುಂಚೆ ಒಂದು ಸಲ ನನ್ನ ಮುಖ ನೋಡಬಾರದಿತ್ತಾ?"

"ರೊಟ್ಟಿ ಮುಂದೆ ಇಟ್ಟು ಕೇಳಿದ್ರಮ್ಮ."

"ಹಾಗಿದ್ರೆ ವಾಪಸ್ ತಗೊಳ್ಳಿ."

ತಾತ ತಲೆಯಾಡಿಸಿದರು. "ಕೊಟ್ಟ ಬಾತಾ ವಾಪಸ್ ಬರಲ್ಲ. ಅದು ನಿನಗೂ ಗೊತ್ತು."

ಎಲ್ಲರಿಗೂ ಗೊತ್ತು. ಉರ್ಮಾತ್ ಕಾದಿರೊವಿಚ್‌ಗೂ ಗೊತ್ತಿತ್ತು, ಅದಕ್ಕೇ ಕೇಳಿದ್ದು. ನಮ್ಮ ಮರ್ಯಾದೆಯನ್ನೇ ತೆಗೆದು ನಮ್ಮ ಬಾಯಿಗೆ ತುರುಕಿದರು. ಮೂವತ್ತೊಂದು ವರ್ಷ ಒಂದು ನಾಯಿಯನ್ನೂ ಚಕ್ರದಡಿಗೆ ಹಾಕದ ಮನುಷ್ಯ ಈಗ ಸ್ವಂತ ಅಂಗಳದಲ್ಲಿ ತಲೆ ತಗ್ಗಿಸಿಕೊಂಡು ನಡೆಯಬೇಕು.

ಅಕ್ಟೋಬರ್ 23, ಬುಧವಾರ

ಟ್ಯಾಕ್ಸಿಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ತಿರುವಿನಲ್ಲಿ ಸಿಗ್ನಲ್ ಕೆಟ್ಟಿತ್ತು. ನಾವು ತಲುಪಿದಾಗ ಯಂತ್ರದ ಮೇಲೆ ಬೇರೆಯವರಿದ್ದರು. ನರ್ಸ್ ಅಳುವಂತಾಗಿ, "ನಾಡಿದ್ದಿನವರೆಗೂ ಜಾಗ ಇಲ್ಲ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಪಾದ ಊದಿಕೊಂಡಿತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಕಿಟಕಿಯಿಂದ ಆಸ್ಪತ್ರೆ ಕಾಣುತ್ತದೆ. ಅದರ ಹೆಸರಿನ ಅಕ್ಷರಗಳನ್ನು ಓದಬಹುದು.

ತಾತ ಪಾದ ಒತ್ತುತ್ತ ಕೂತಿದ್ದರು. "ನಾನೇ ಆಮೀನ್ ಹೇಳಿಸ್ದೆ," ಎಂದರು, ಎರಡು ಸಲ.

ಇದನ್ನು ಮಾಡಿದವರಿಗೆ ಹೆಸರಿದೆ. ಅವರಿಗೆ ಮೇಜಿದೆ, ಕುರ್ಚಿಯಿದೆ, ಬಾಗಿಲಿದೆ.

ಅಕ್ಟೋಬರ್ 24, ಗುರುವಾರ

ಹೊಸ ಅರ್ಜಿ ಹಿಡಿದು ನಗರಸಭೆಗೆ ಹೋಗಿದ್ದೆ. ಶಾರಾಪತ್ ಎಜೆಗೆ ರಕ್ತದೊತ್ತಡ ಏರಿದ್ದರಿಂದ ಒಬ್ಬಳೇ ಹೋದೆ. ಕಿಟಕಿಯ ಹೆಂಗಸು ನಾಳೆ ಬಾ ಎಂದಳು. ಅಲ್ಲೇ ನಿಂತೆ. ಊಟದ ಬಿಡುವು ಎಂದಳು. ನಿಂತೆ. ಹಿಂದಿನವರು ಗೊಣಗಿದರು. "ಏನಮ್ಮ ನಿನ್ನ ಕಷ್ಟ?" ಎಂದಳು. ಹೇಳಿದೆ. ಅಜ್ಜಿಯ ಪಾದದ ಗುಳಿ ಎಷ್ಟು ಆಳ ಎಂಬುದನ್ನೂ ಹೇಳಿದೆ. ಅವಳು ನಾಲ್ಕು ಕಡೆ ಮುದ್ರೆ ಒತ್ತಿ ಅರ್ಜಿ ತೆಗೆದುಕೊಂಡಳು.

ಹೊಸ ಬೂಟು ಹಿಮ್ಮಡಿ ಕಚ್ಚುತ್ತಿದೆ. ಟ್ರಾಲಿಬಸ್ ಇದ್ದಿದ್ದರೆ ನಡೆಯಬೇಕಿರಲಿಲ್ಲ. ಅದನ್ನೂ ಅವರೇ ನಿಲ್ಲಿಸಿದ್ದು.

ನವೆಂಬರ್ 8, ಶುಕ್ರವಾರ

ನಗರಸಭೆಯಿಂದ ಇಬ್ಬರು ಬಂದಿದ್ದರು, ಒಂದು ಹೊಸ ಚಾಪಾನ್ ಹಿಡಿದುಕೊಂಡು. ಕಪ್ಪು ಮಕಮಲ್ಲಿನ ನಿಲುವಂಗಿ, ಬಂಗಾರದ ದಾರದ ಕಸೂತಿ. ಬುಧವಾರ ಹನ್ನೆರಡೂವರೆಗೆ ನಮ್ಮ ಬೀದಿಯಲ್ಲೇ ಎರಡನೇ ಹಂತದ ಉದ್ಘಾಟನೆಯಂತೆ. ಸಾತಿಬಾಲ್ದಿ ಅತಾ ಬಂದು ಬಾತಾ ಕೊಡಬೇಕಂತೆ. ಒಂದು ಸಲ ಕೆಲಸಕ್ಕೆ ಬಂದದ್ದು ಇನ್ನೊಂದು ಸಲವೂ ಬರುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಅವರು ಹೋದ ಮೇಲೆ ಶಾರಾಪತ್ ಎಜೆ ದನಿ ತಗ್ಗಿಸಿ, "ಅತಾ, ಹೋಗಿ. ಹೋಗಿ ತಿರುಗು ಬಾತಾ ಕೊಟ್ಟುಬಿಡಿ," ಎಂದರು.

ತಾತ ಬಟ್ಟಲನ್ನು ಕುಕ್ಕಿದರು. ಚಹಾ ಚೆಲ್ಲಿತು. "ಬಾಯಿ ಮುಚ್ಚು! ಅಂಗೈ ಕೆಳಗೆ ತಿರುಗಿಸಿ ಶಾಪ ಹಾಕೋದು ನಮ್ಮ ಮನೆತನದಲ್ಲೇ ಇಲ್ಲ. ನಮ್ಮಪ್ಪ ಯುದ್ಧದಿಂದ ಒಂಟಿ ಕಾಲಲ್ಲಿ ಬಂದ, ಅವನೂ ಯಾರಿಗೂ ಕೈ ತಿರುಗಿಸ್ಲಿಲ್ಲ. ಅದು ಮೊದಲು ಕೊಟ್ಟೋನ ಮನೆಗೇ ಬರತ್ತೆ."

"ಬಂದೇ ಬಿಟ್ಟಿದೆಯಲ್ಲ ಅತಾ ನಿಮ್ಮ ಮನೆಗೆ, ಕೊಡದೇನೇ!"

"ಹೋಗ್ತೀನಿ," ಎಂದರು ತಾತ. "ಕೇಳಿದೋರಿಗೆ ಇಲ್ಲ ಅನ್ನಕ್ಕಾಗಲ್ಲ. ಆದ್ರೆ ಶಾಪ ಹಾಕಲ್ಲ."

ಮಂಚದ ಮೇಲಿಂದ ಅಜ್ಜಿ ಹೇಳಿದಳು: "ಹೋಗಿ ಬಾ. ನನ್ನ ಡಯಾಲಿಸಿಸ್ ಹನ್ನೆರಡಕ್ಕೆ ಮುಗಿಯತ್ತೆ. ನರ್ಸಿಗೆ ಹೇಳಿ ಆ ಕಡೆ ಗೇಟಿನ ಹತ್ರ ಕೂತಿರ್ತೀನಿ. ಬೇಲಿ ಆಚೆಯಿಂದ ನೋಡ್ತೀನಿ, ಹೊಸ ಚಾಪಾನ್‌ನಲ್ಲಿ ಹೇಗೆ ಕಾಣ್ತೀಯ ಅಂತ."

ನವೆಂಬರ್ 13, ಬುಧವಾರ

ನಡೆದ ಹಾಗೆಯೇ ಬರೆಯಬೇಕು.

ಎರಡೂ ಬದಿ ಪೊಲೀಸರು ವಾಹನ ತಡೆದಿದ್ದರು. ಬೇಲಿಗೆ ಕೆಂಪು ಪಟ್ಟಿ ಕಟ್ಟಿದ್ದರು. ತೆಳ್ಳಗೆ ಹಿಮ ಬೀಳುತ್ತಿತ್ತು. ಅಧಿಕಾರಿಗಳು ಹದಿನೈದು ಜನ, ನಮ್ಮವರು ಅರವತ್ತು ಎಪ್ಪತ್ತು, ಫೋನು ಎತ್ತಿ ಹಿಡಿದವರು ಎಷ್ಟೋ. ನಾನು ನಡಾವಳಿ ಪುಸ್ತಕ ಹಿಡಿದು ತಾತನ ಪಕ್ಕದಲ್ಲಿದ್ದೆ. ಬೇಲಿಯಾಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಗಾಲಿಕುರ್ಚಿ, ಕಂಬಳಿ, ಅಜ್ಜಿಯ ಬಿಳಿ ತಲೆವಸ್ತ್ರ, ಹಿಂದೆ ನರ್ಸ್.

ಉರ್ಮಾತ್ ಕಾದಿರೊವಿಚ್ ಎರಡು ಮಾತಾಡಿ, "ಈಗ ನಮ್ಮೆಲ್ಲರ ಸಾತಿಬಾಲ್ದಿ ಅತಾ ಅವರ ಬಾತಾ," ಎಂದರು.

ತಾತ ಅಂಗೈ ತೆರೆದರು. ಎಲ್ಲರ ಕೈಗಳೂ ಮೇಲೆ ಬಂದವು. ಅಧಿಕಾರಿಗಳದು, ಪೊಲೀಸರದು, ಬೇಲಿ ಹಾಕಿದ ಆ ಕೆಲಸಗಾರನದೂ. ಶಾರಾಪತ್ ಎಜೆ ಹಲ್ಲು ಕಚ್ಚಿಕೊಂಡು ಕೈ ಎತ್ತಿದರು. 

ತಾತ ಏನೂ ಹೇಳಲಿಲ್ಲ.

ಸಿಗ್ನಲ್ ಟಕ್ ಟಕ್ ಎಂದು ಹಸಿರಾಯಿತು, ಆರಿತು.

"ಅತಾ, ಚಳಿ ಇದೆ, ಚಿಕ್ಕದಾಗಿ ಮುಗಿಸಿಬಿಡಿ," ಎಂದು ಉರ್ಮಾತ್ ಕಾದಿರೊವಿಚ್ ಪಿಸುಗುಟ್ಟಿದರು.

"ಬಾತಾ ಸಿದ್ಧ ಇದೆಯಪ್ಪ. ಆಮೀನ್ ಅನ್ನೋಕೆ ನನ್ನ ಹೆಂಡತಿ ಇಲ್ಲ. ಅಲ್ಲಿ ಕೂತಿದಾಳೆ ನೋಡು. ಐವತ್ತಾರು ವರ್ಷ ಅವಳನ್ನ ಬಿಟ್ಟು ನಾನು ಮನೇಲಿ ರೊಟ್ಟಿ ಮುರಿದಿಲ್ಲ. ಬರಲಿ. ಕಾಯ್ತೀನಿ."

"ಅವರು ಸುರಂಗದಲ್ಲಿ ಬರಬಹುದಲ್ಲ..."

"ಬರಲಿ. ನನಗೇನೂ ಅವಸರ ಇಲ್ಲ. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದ ಕೈ ಇದು."

ಆಗ ಎಲ್ಲರಿಗೂ ಅರ್ಥವಾಯಿತು. ಹಿರಿಯರು ಕೈ ತೆರೆದು ನಿಂತಿರುವಾಗ, ಆಮೀನ್ ಆಗುವ ಮೊದಲು ಕೈ ಇಳಿಸುವವನು ಯಾರು? ಅದೂ ಅಷ್ಟು ಫೋನುಗಳ ಮುಂದೆ? ಐದು ನಿಮಿಷ. ಎಂಟು ನಿಮಿಷ. ಎಂಜಿನಿಯರ್ ತುಟಿ ನೀಲಿಯಾಯಿತು. ತಡೆದು ನಿಲ್ಲಿಸಿದ್ದ ಕಾರುಗಳು ಹಾರನ್ ಶುರು ಮಾಡಿದವು, ಉದ್ದಕ್ಕೂ, ಕೊನೆ ಕಾಣದಷ್ಟು. ಅಂಗೈಗಳಲ್ಲಿ ಹಿಮ ಕೂತಿತು. ಹಿಂದಿನಿಂದ ಶಾರಾಪತ್ ಎಜೆ, "ಜಾಣ ಸಂಚಾರ ಅಂದ್ರೆ ಇದೇನಾ ಉರ್ಮಾತ್ ಕಾದಿರೊವಿಚ್? ಚೆನ್ನಾಗಿದೆ!" ಎಂದರು. ನಗು ಹರಿಯಿತು. ಒಬ್ಬರೂ ಕೈ ಇಳಿಸಲಿಲ್ಲ.

ಹನ್ನೊಂದನೇ ನಿಮಿಷಕ್ಕೆ ಉರ್ಮಾತ್ ಕಾದಿರೊವಿಚ್ ಅವರ ಕೈ ಒಂದಿಷ್ಟು ಇಳಿಯಿತು. ಅದೇ ಹೊತ್ತಿಗೆ ತಾತನ ಮಣಿಕಟ್ಟು ನಡುಗಿ ಸ್ವಲ್ಪ, ಬಹಳ ಸ್ವಲ್ಪ, ಕೆಳಮುಖವಾಗಿ ಹೊರಳಿತು. ಎಂಬತ್ತೊಂದು ವರ್ಷದ ತೋಳು, ನೋಯುತ್ತಿತ್ತು, ಅಷ್ಟೇ ಎಂದು ಅವರು ಆಮೇಲೆ ಹೇಳಿದರು. ಆದರೆ ಆ ಹದಿನೈದು ಜನ ಒಟ್ಟಿಗೆ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

"ಅತಾ, ಬೇಡ! ಅತಾ, ಮನೇಲಿ ಮಕ್ಕಳಿದಾರೆ!" ಉರ್ಮಾತ್ ಕಾದಿರೊವಿಚ್ ಮತ್ತೆ ಕೈ ಮೇಲೆತ್ತಿ, ಗಲ್ಲದಿಂದಲೇ ಕೆಲಸಗಾರನತ್ತ ಸನ್ನೆ ಮಾಡಿದರು. "ಬಿಚ್ಚೋ! ಒಂದು ತುಂಡು ಬಿಚ್ಚು ಬೇಗ!"

"ಹೇಗೆ ಬಿಚ್ಚಲಿ ಸಾರ್?" ಎಂದ ಅವನು, ಅಂಗೈ ತೆರೆದುಕೊಂಡೇ.

ಯಾರ ಕೈಯೂ ಖಾಲಿ ಇರಲಿಲ್ಲ. ಆಗ ಯಾರೋ ಹುಡುಗಿ ಜೋರಾಗಿ ಕೂಗಿದಳು: "ಸ್ಪ್ಯಾನರ್ ಎಲ್ಲಿದೆ?" ಅವನು ತನ್ನ ಡಬ್ಬಿಯತ್ತ ಕಣ್ಣು ತೋರಿಸಿದ. ಪುಸ್ತಕ ಹಿಡಿದದ್ದರಿಂದ ನಾನೊಬ್ಬಳೇ ಕೈ ಎತ್ತಿರಲಿಲ್ಲ. ಪುಸ್ತಕವನ್ನು ಹಿಮದ ಮೇಲಿಟ್ಟು ಹೋದೆ. ನಾಲ್ಕು ಬೋಲ್ಟು. ಮೊದಲನೆಯದು ಬಹಳ ಬಿಗಿಯಾಗಿತ್ತು, ಕಾಲು ಕೊಟ್ಟು ಒದ್ದೆ. ಹಸಿರು ಬಣ್ಣದ ಚಕ್ಕೆ ಉಗುರಿನಡಿ ಸೇರಿತು. ಬೇಲಿಯ ತುಂಡನ್ನು ಎಳೆದು ಸಿಗ್ನಲ್ ಕಂಬಕ್ಕೆ ಒರಗಿಸಿದೆ.

ನರ್ಸ್ ಕುರ್ಚಿ ತಳ್ಳಿಕೊಂಡು ಬಂದಳು. ಆಕಸ್ಮಿಕವೋ ಏನೋ, ಹಸಿರು ಮನುಷ್ಯ ಆಗಲೇ ಮೂಡಿದ್ದ. ಎತ್ತಿದ ಕೈಗಳ ನಡುವೆ ಅಜ್ಜಿ ಬಂದು ತಾತನ ಪಕ್ಕದಲ್ಲಿ ನಿಂತಳು, ಅಂದರೆ ಕೂತಳು. ಕಂಬಳಿಯಿಂದ ಎರಡೂ ಕೈ ಹೊರತೆಗೆದು ತೆರೆದಳು.

"ಹೋದವರು ಹೀಗೇ ವಾಪಸ್ ಬರಲಿ," ಎಂದರು ತಾತ. ಅಷ್ಟೇ. 

"ಆಮೀನ್," ಎಂದಳು ಅಜ್ಜಿ ಎಲ್ಲರಿಗಿಂತ ಮೊದಲು. ಆಮೇಲೆ ಉರ್ಮಾತ್ ಕಾದಿರೊವಿಚ್ ಕಡೆ ತಿರುಗಿ, "ನೀನೂ ಅನ್ನು ಮಗನೇ, ಬಾಯಿ ನೋಯಲ್ಲ."

ಅಂದರು.

ತಾತ ಚಾಪಾನ್ ಬಿಚ್ಚಿ ಮಡಚಿ ಅವರ ಕೈಗಿಟ್ಟು, ಕುರ್ಚಿ ತಳ್ಳಿಕೊಂಡು ಮನೆಗೆ ಹೊರಟರು. ಅಂಗಳದ ಬೆಂಚಿನ ಮೇಲೆ ಎಲ್ಲರೂ ಒಟ್ಟಿಗೆ ಜರುಗಿದರು.

ಸ್ಪ್ಯಾನರ್ ಎಂದು ಕೂಗಿದ್ದು ನಾನೇ ಎಂದು ಶಾರಾಪತ್ ಎಜೆ ಹೇಳುತ್ತಾರೆ. ಇರಲಾರದು. ಆ ದನಿ ಬಹಳ ದೊಡ್ಡದಿತ್ತು.

ನವೆಂಬರ್ 15, ಶುಕ್ರವಾರ

ನಗರಸಭೆಯ ಪ್ರಕಟಣೆ: "ತಾಂತ್ರಿಕ ಕಾರಣಗಳಿಂದ ಸದರಿ ಸ್ಥಳವನ್ನು ತಾತ್ಕಾಲಿಕವಾಗಿ ತೆರೆಯಲಾಗಿದೆ." ತಾತ್ಕಾಲಿಕವಂತೆ! ಸೋಮವಾರ ಹೋಗಿ ಈ ಪದ ಹೊಡೆದುಹಾಕಿಸಬೇಕು. ಬಿಳಿ ಪಟ್ಟೆಗಳನ್ನು ಯಾವಾಗ ಬಳಿಯುತ್ತಾರೆ ಎಂದೂ ಬರೆಸಿಕೊಳ್ಳಬೇಕು, ತಾರೀಖಿನ ಸಮೇತ.

ಬೆಳಿಗ್ಗೆ ನಾವು ಹೊರಟಾಗ ಅದೇ ಕೆಲಸಗಾರ ಒರಗಿಸಿಟ್ಟ ಬೇಲಿತುಂಡಿನ ಸುತ್ತ ನೆಲ ನೋಡುತ್ತ ಓಡಾಡುತ್ತಿದ್ದ.

"ಏನು ಹುಡುಕ್ತಿದೀರ?" ಎಂದೆ.

"ಬೋಲ್ಟು ಕಣಮ್ಮ. ವಾಪಸ್ ಹಾಕು ಅಂದಿದಾರೆ. ನಾಲ್ಕೂ ಕಾಣ್ತಿಲ್ಲ."

ಕೋಟಿನ ಜೇಬಿನಿಂದ ಒಂದನ್ನು ತೆಗೆದು ತೋರಿಸಿದೆ. "ಇಲ್ಲಿವೆ. ಕೊಡಲ್ಲ. ಯಾರ ಹತ್ರ ಇದೆ ಅಂತ ಕೇಳಿದ್ರೆ, ಚೊಲ್ಪೊನ್, ಅರವತ್ತೆರಡನೇ ಮನೆ ಅಂತ ಬರ್ಕೊಳ್ಳಿ. ಬರ್ಕೊಳ್ಳಿ, ಪೆನ್ನು ಬೇಕಾ?"

ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಸಿಗರೇಟು ಹಚ್ಚಿ, ಮುಂದಿನ ಹಸಿರು ಬೀಳುವವರೆಗೆ ಅಜ್ಜಿಯ ಕುರ್ಚಿಯ ಹಿಡಿಯನ್ನು ತಾತನ ಜೊತೆ ಹಿಡಿದುಕೊಂಡ.

ಅವನೊಡನೆ ಮಾತಾಡುತ್ತ ನಿಂತದ್ದರಿಂದ ಇವತ್ತು ಐದು ನಿಮಿಷ ಹಿಡಿಯಿತು. ಸೋಮವಾರ ಸ್ವಲ್ಪ ಬೇಗ ಹೊರಡಬೇಕು.